ಮಧುಗಿರಿಯ ದುರ್ಗವೂ ಛಾಯಾಚಿತ್ರವೂ



ತುಮಕೂರಿನಿಂದ ಉತ್ತರಾಭಿಮುಖವಾಗಿ ಹೊರಟು ಕೊರಟಗೆರೆಯನ್ನು ದಾಟಿ ಸಾಗುವವರಿಗೆ ಹೆಬ್ಬಂಡೆಯೊಂದು ಆಕಾಶಕ್ಕೆ ಎದ್ದು ನಿಂತಂತೆ ಕಾಣುವುದು. ಅದೇ ಮಧುಗಿರಿ, 1927ರಲ್ಲಿ ಈ ಹೆಸರು ಬರುವವರೆಗೆ ಮದ್ದಗಿರಿ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರವಿರುವ ಈ ಏಕಶಿಲಾ ಪರ್ವತದ ಮೈಗೆ ಕೋಟೆಯನ್ನು ಒಡ್ಯಾಣದಂತೆ ತೊಡಿಸಿದ್ದಾರೆ. ಇದರ ಛಾಯಾಚಿತ್ರಗಳನ್ನು ತೆಗೆಯಬೇಕೆಂದು ನಾವು ಒಂದು ಮುಂಜಾವಿನಲ್ಲಿ ಬೆಟ್ಟವೇರಿದೆವು.

ಬೆಳಗಿನ ಓರೆಬಿಸಿಲೇ ಈ ಕೆಲಸಕ್ಕೆ ತಕ್ಕದ್ದು. ಆಗ ಕಲ್ಲು ಕಲ್ಲಿನ ನಡುವಣ ಸಂದುಗಳಲ್ಲಿ ನೆರಳು ನಿಂತು ಗೋಡೆಯ ಕಟ್ಟಡಕ್ರಮವು ಸ್ಪಷ್ಟವಾಗುವುದು. ನಡುಹಗಲಿನಲ್ಲಿ ಬಂಡೆಯೂ ಗೋಡೆಯೂ ಒಂದೇ ಬಣ್ಣವಾಗಿಬಿಡುವುವು. ಗೋಡೆಯ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಮಾತ್ರ ಅದರ ಎತ್ತರವು ನೋಡುವವರಿಗೆ ತಿಳಿಯುವುದು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲುಗಳೆಂಬ ದ್ವಾರಗಳುಂಟು. ಮೇಲೇರಿದಂತೆ ಮೆಟ್ಟಿಲು ಸಾಲವು. ಬಂಡೆಯಲ್ಲಿ ಕೊರೆದ ಗುಳಿಗಳೇ ಪಾದಕ್ಕೆ ಆಧಾರ. ಶಿಖರದಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿಯಿದೆ.

ತಪ್ಪಿಹೋದ ಕುರಿಯೊಂದು ಮೈಯೆಲ್ಲ ನೆನೆದು ಹಿಂದಿರುಗಲು, ಬೆಟ್ಟದಲ್ಲಿ ನೀರಿನ ಸೆಲೆಯುಂಟೆಂದು ತಿಳಿದು ರಾಜಾ ಹಿರೇಗೌಡನು ಇಲ್ಲಿ ಕೋಟೆ ಕಟ್ಟಿಸಿದನೆಂದು ಐತಿಹ್ಯ. ಇದು ಕಥೆಯೇ ಇರಬಹುದು. ಆದರೆ ನೀರಿಲ್ಲದ ಗಿರಿದುರ್ಗವು ಮುತ್ತಿಗೆಯನ್ನು ತಡೆಯಲಾರದೆಂಬ ತಥ್ಯವು ಅದರಲ್ಲಿ ಅಡಗಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲಿ, ದುರ್ಗವು ಮೈಸೂರಿನ ವಶವಾಯಿತು. ಮುಂದೆ ಹೈದರಾಲಿಯು ಅದನ್ನು ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ತರುವಾಯ ಅವನು ಕೆಳದಿಯ ರಾಣಿ ವೀರಮ್ಮಾಜಿಯನ್ನು ಇಲ್ಲಿಯೇ ಸೆರೆಯಿಟ್ಟನು. 1767ರಲ್ಲಿ ಮರಾಠರು ಬಂದು ಬಿಡಿಸುವವರೆಗೆ ಆಕೆಗೆ ಈ ಕಲ್ಲೇ ಅರಮನೆ. ಮಲೆನಾಡಿನ ಹಸುರನ್ನು ಕಂಡಿದ್ದ ಆ ಕಣ್ಣುಗಳು ಈ ಬಯಲುಸೀಮೆಯನ್ನು ನೋಡುತ್ತ ನಾಲ್ಕು ವರುಷ ಕಳೆದವು. ಯಾವ ಯಂತ್ರಕ್ಕೆ ಅದನ್ನು ಹಿಡಿಯುವ ಶಕ್ತಿಯುಂಟು?

ನೆರೆಯಲ್ಲಿಯೇ ಶಿರಾ. 1687ರಲ್ಲಿ ಮೊಗಲರ ಸುಬೆಗೆ ರಾಜಧಾನಿಯಾದ ಆ ಊರಿನಲ್ಲಿ 1651ರ ಮಲ್ಲಿಕ್ ರಿಹಾನನ ಗೋರಿಯನ್ನೂ 1696ರ ಜುಮ್ಮಾ ಮಸೀದಿಯನ್ನೂ ಕಾಣಬಹುದು. ಉತ್ತರಕ್ಕೆ ಪಾವಗಡದ ಗಿರಿದುರ್ಗ. ಒಂದೊಂದು ಬೆಟ್ಟದಲ್ಲಿಯೂ ಒಬ್ಬೊಬ್ಬ ಪಾಳೆಯಗಾರನ ನೆನಪು ಉಳಿದಿದೆ.

ನಮ್ಮನ್ನು ಕಾಡಿದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಒಂದು ಗೋಡೆಯ ಮೇಲೆ ಬಂದುಹೋದವರು ತಮ್ಮ ಹೆಸರುಗಳನ್ನು ಗೀಚಿದ್ದರು. ಅಂದಗೆಟ್ಟ ಆ ಭಾಗವನ್ನು ಬಿಟ್ಟು, ಮುರಿದ ಬುರುಜನ್ನೂ ಅದರ ಹಿಂದಿನ ಮೋಡವನ್ನೂ ಮಾತ್ರ ಚೌಕಟ್ಟಿನೊಳಕ್ಕೆ ತಂದೆವು. ಚಿತ್ರವು ಸೊಗಸಾಗಿಯೇ ಬಂದಿತು. ಇಳಿಯುವಾಗ ಮನಸ್ಸು ಚುಚ್ಚಿತು: ಸೊಗಸಿಗಾಗಿ ನಾವು ಸಾಕ್ಷ್ಯವನ್ನೇ ಮರೆಮಾಡಿದೆವಲ್ಲವೆ? ಹಾಳಾಗುತ್ತಿರುವುದನ್ನು ಚೆಲುವಾಗಿ ತೋರಿಸಿದರೆ, ಅದನ್ನು ಉಳಿಸಬೇಕೆಂದು ಯಾರಿಗೆ ತಾನೆ ತೋಚೀತು? ಮರಳಿ ಹತ್ತಿ, ಗೀಚಿದ ಗೋಡೆಯನ್ನೂ ಉರುಳಿದ ಕಲ್ಲುಗಳನ್ನೂ ಇದ್ದದ್ದು ಇದ್ದಂತೆ ಸೆರೆಹಿಡಿದು, ಸ್ಥಳವನ್ನೂ ದಿನವನ್ನೂ ಬರೆದಿಟ್ಟೆವು.

ದುರ್ಗಗಳಿಗೆ ಹೋಗುವ ತಾವೂ ಹಾಗೆಯೇ ಮಾಡಿರೆಂದು ನಮ್ಮ ಬಿನ್ನಹ. ಅಂದದ ಚಿತ್ರ ತಮ್ಮ ಮನೆಗಿರಲಿ. ನಿಜದ ಚಿತ್ರ ಮುಂದಿನವರಿಗಿರಲಿ.