ರಾತ್ರಿಪಾಳಿ ಯಾರದು?



ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, ‘ನಾಡು-ನುಡಿ ಬಗ್ಗೆ ಹತ್ತು ನಿಮಿಷ ಮಾತಾಡಿ ಡಾಕ್ಟ್ರೇ’ ಅಂದರು. ಅದನ್ನು ಮಾತಾಡಲು ನನಗಿಂತ ಬಲ್ಲವರು ಈ ವೇದಿಕೆಯ ಮೇಲೇ ಕೂತಿದ್ದಾರೆ. ನಾನು ಮಕ್ಕಳ ವೈದ್ಯೆ. ಮುಂಬಯಿ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬರುವ ನಮ್ಮವರು ಜ್ವರ, ನೆಗಡಿ, ಭೇದಿಗಿಂತ ಹೆಚ್ಚಾಗಿ ಕೇಳುವುದು ಒಂದನ್ನೇ: ‘ರಾತ್ರಿಯಿಡೀ ಏಳ್ತದೆ ಡಾಕ್ಟ್ರೇ, ಕಣ್ಣಿಗೆ ಕಣ್ಣು ಹತ್ತಿಸ್ಲಿಕ್ಕೆ ಬಿಡುದಿಲ್ಲ.’ ಇವತ್ತು ಅದನ್ನೇ ಮಾತಾಡುತ್ತೇನೆ. ಹಿಂದಿನ ಸಾಲಿನಲ್ಲಿರುವ ತಾಯಂದಿರು ಮಗು ಅತ್ತರೆ ಎದ್ದು ಹೊರಗೆ ಹೋಗಬೇಡಿ. ಈ ಭಾಗವತಿಕೆಗೆ ಅದಕ್ಕಿಂತ ತಕ್ಕ ಹಿಮ್ಮೇಳ ಸಿಗಲಿಕ್ಕಿಲ್ಲ.

ಮುಂಬಯಿ ಕನ್ನಡಿಗರಿಗೆ ರಾತ್ರಿ ಎಚ್ಚರವಿರುವುದು ಹೊಸತಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದವರು ನಮ್ಮ ನಡುವೆ ಇದ್ದಾರೆ. ಗಿರಣಿಯಲ್ಲಿ ರಾತ್ರಿಪಾಳಿ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಗಿರಣಿಯಲ್ಲಾದರೆ ಭೋಂಗಾ, ಅಂದರೆ ಸೈರನ್, ಕೂಗಿದ ಕೂಡಲೇ ಬದಲಿ ಆಳು ಬರುತ್ತಿದ್ದ. ತೊಟ್ಟಿಲ ಪಕ್ಕದ ಪಾಳಿಗೆ ಮಾತ್ರ ಬದಲಿ ಬರುವವರಿಲ್ಲ. ನನ್ನ ತಕರಾರು ಇರುವುದು ಅಲ್ಲಿ, ಮಗು ಏಳುವುದರ ಬಗ್ಗೆ ಅಲ್ಲ.

ಮಗು ಏಳಲೇಬೇಕು. ಎದೆಹಾಲು ಸುಮಾರು ಎರಡು ಗಂಟೆಯೊಳಗೆ ಕರಗಿಹೋಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲು ಕುಡಿಯುವ ಕೂಸು ರಾತ್ರಿಗೆ ವಿನಾಯಿತಿ ಕೊಡುವುದು ಹೇಗೆ? ಅದಕ್ಕೆ ರಾತ್ರಿ ಯಾವುದು, ಹಗಲು ಯಾವುದು ಎಂದು ಗೊತ್ತೇ ಇಲ್ಲ. ಕತ್ತಲಾಯಿತು, ಮಲಗು ಎಂದು ಮೈಗೆ ಹೇಳುವ ಮೆಲಟೋನಿನ್ ಮಗುವಿನ ದೇಹದಲ್ಲಿ ಸರಿಯಾಗಿ ಊರಲು ಎರಡು ಮೂರು ತಿಂಗಳು ಬೇಕು. ಇನ್ನೊಂದು ಕಡೆ, ತಾಯಿಯಲ್ಲಿ ಹಾಲು ಊರಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತಿಗೇ ಹೆಚ್ಚು. ರಾತ್ರಿಯ ಹಾಲನ್ನು ಬೇಗ ತಪ್ಪಿಸಿದರೆ ಹಗಲಿನ ಹಾಲೂ ಬತ್ತುತ್ತ ಬರುತ್ತದೆ. ಹಾಗೆ ನೋಡಿದರೆ ಏಳುವ ಮಗುವಿಗಿಂತ ಏಳದ ಮಗುವೇ ನನಗೆ ಹೆಚ್ಚು ಗಾಬರಿ ಹುಟ್ಟಿಸುವುದು. ಹುಟ್ಟಿದಾಗಿನ ತೂಕ ಮರಳಿ ಬರುವ ತನಕ, ಅಂದರೆ ಹೆಚ್ಚುಕಡಿಮೆ ಎರಡು ವಾರ, ಮೂರು ನಾಲ್ಕು ಗಂಟೆ ಮೀರಿ ಮಲಗಿದ ಕೂಸನ್ನು ಎಬ್ಬಿಸಿಯಾದರೂ ಕುಡಿಸಬೇಕು. ‘ನಮ್ಮ ಪಾಪು ಪಾಪದ್ದು, ಏಳುವುದೇ ಇಲ್ಲ’ ಎಂದು ಹೆಮ್ಮೆಪಡುವವರು ಒಮ್ಮೆ ತೂಕ ನೋಡಿಸಿ.

ಎಲ್ಲ ಸದ್ದೂ ಎಚ್ಚರವಲ್ಲ ಎಂಬುದೂ ತಿಳಿದಿರಲಿ. ಹಸುಗೂಸಿನ ನಿದ್ದೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಚಟುವಟಿಕೆಯ ನಿದ್ದೆ. ಕ್ಲಿನಿಕ್ಕಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ ಮಗು ಮುಖ ಕಿವಿಚುತ್ತದೆ, ಮುಕ್ಕುತ್ತದೆ, ಬೆರಳು ಬಿಚ್ಚಿ ಮಡಚುತ್ತದೆ, ರೆಪ್ಪೆಯ ಒಳಗೆ ಗುಡ್ಡೆ ಓಡಾಡುತ್ತದೆ. ಅಜ್ಜಿ ತಟ್ಟನೆ ಎತ್ತಿಕೊಳ್ಳಲು ಕೈ ಚಾಚುತ್ತಾರೆ. ‘ಎರಡು ನಿಮಿಷ ಬಿಡಿ ಅಮ್ಮಾ’ ಅನ್ನುತ್ತೇನೆ. ಒಂದು ಸಣ್ಣ ಕುಯ್ ಅಂದು, ತುಟಿ ಓರೆಮಾಡಿ ನಕ್ಕು, ಮತ್ತೆ ಮಲಗಿಬಿಡುತ್ತದೆ. ದೇವರು ಆಡಿಸ್ತಾನೆ ಎಂದು ಹಿರಿಯರು ಅನ್ನುವುದು ಇದನ್ನೇ. ರಾತ್ರಿ ಎರಡು ಗಂಟೆಗೆ ದೇವರು ಆಡಿಸುವಾಗ ಲೈಟು ಹಾಕಿ, ಎತ್ತಿ, ಬಟ್ಟೆ ಬದಲಿಸಿ, ಮಗುವನ್ನು ನಿಜವಾಗಿಯೂ ಎಬ್ಬಿಸಿಬಿಡುವವರು ನಾವು.

ಮುಂಬಯಿಯ ನಮ್ಮ ಮನೆಗಳಲ್ಲಿ ಇದಕ್ಕೊಂದು ಮುಂಬಯಿಯದೇ ತೊಡಕಿದೆ. ಚೊಚ್ಚಲ ಹೆರಿಗೆಗೆ ಹುಡುಗಿ ಮತ್ಸ್ಯಗಂಧ ರೈಲು ಹತ್ತಿ ತವರಿಗೆ ಹೋಗುತ್ತಾಳೆ. ಅಲ್ಲಿ ಅಮ್ಮ ಇದ್ದಾರೆ, ಚಿಕ್ಕಮ್ಮ ಇದ್ದಾರೆ, ಎರೆಯಲು ಬರುವವರಿದ್ದಾರೆ, ಮಗುವನ್ನು ಎತ್ತಿಕೊಳ್ಳಲು ಪಕ್ಕದ ಮನೆಯ ಹುಡುಗಿಯರು ನಾ ಮುಂದು ತಾ ಮುಂದು ಎನ್ನುತ್ತಾರೆ. ಮೂರನೆಯದೋ ಐದನೆಯದೋ ತಿಂಗಳಿಗೆ ಅವಳು ಇಲ್ಲಿನ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಮರಳುತ್ತಾಳೆ. ಆ ಹೊತ್ತಿಗೇ ಮಗುವಿನ ನಿದ್ದೆಯ ಕಟ್ಟೂ ಬದಲಾಗುತ್ತಿರುತ್ತದೆ. ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಅದು ದೊಡ್ಡವರ ನಿದ್ದೆಯ ಹಾಗೆ ಹಂತ ಹಂತವಾಗಿ ಬೇರ್ಪಡುತ್ತದೆ; ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲೆಲ್ಲ ಮಗು ಕಣ್ಣು ಬಿಡುತ್ತದೆ. ಊರಲ್ಲಿ ನಾಲ್ಕು ಗಂಟೆ ಒಂದೇ ಸಮ ಮಲಗುತ್ತಿದ್ದ ಮಗು ಇಲ್ಲಿ ಗಂಟೆಗೊಮ್ಮೆ ಏಳುತ್ತದೆ. ತವರಿನವರು ಮುಂಬಯಿಯ ನೀರು ಆಗಿಬರಲಿಲ್ಲ ಅನ್ನುತ್ತಾರೆ, ಅತ್ತೆ ಮನೆಯವರು ಹಾಲು ಸಾಲುತ್ತಿಲ್ಲ ಅನ್ನುತ್ತಾರೆ, ಎದುರು ಫ್ಲ್ಯಾಟಿನವರು ದೃಷ್ಟಿ ಅನ್ನುತ್ತಾರೆ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಉಪ್ಪು ನಿವಾಳಿಸುವುದಾದರೆ ನಿವಾಳಿಸಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ತಾಯಿಯ ಹಾಲನ್ನು ದೂರಬೇಡಿ.

ಆರು ತಿಂಗಳಾದರೆ ಸರಿಹೋಗುತ್ತದೆ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಆರು ತಿಂಗಳಿನ ಮಕ್ಕಳಲ್ಲಿ ಸುಮಾರು ಶೇಕಡಾ 38ರಷ್ಟು ಮಕ್ಕಳು ಒಂದೇ ಸಮ ಆರು ಗಂಟೆ ಮಲಗುತ್ತಿರಲಿಲ್ಲ. ವರ್ಷ ತುಂಬಿದವರಲ್ಲೂ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಹಾಗೇ ಇದ್ದವು. ಅವುಗಳ ಬೆಳವಣಿಗೆಯಲ್ಲಿ ಅದರಿಂದ ಕೊರತೆಯೇನೂ ಕಾಣಲಿಲ್ಲ.

ಮಗುವನ್ನು ಸುಮ್ಮನಾಗಿಸುವ ಆತುರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ ಬೇಕಾದರೆ ಮುಂಬಯಿಯ ಪರೇಲ್, ಲಾಲ್‌ಬಾಗ್ ಕಡೆಯ ಹಳೆಯ ಚಾಳುಗಳನ್ನು ನೆನೆಯಬೇಕು. 1920ರ ದಶಕದಲ್ಲಿ ಗಿರಣಿಯಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸಿಗೆ ಅಫೀಮು ಬೆರೆತ ಸಣ್ಣ ಗುಳಿಗೆ, ‘ಬಾಲಗೋಳಿ’, ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರೆಂದು ಆ ಕಾಲದ ವರದಿಗಳಲ್ಲಿದೆ. ಅವರನ್ನು ಕಟುಕರೆಂದು ಕರೆಯಲು ನನಗೆ ನಾಲಗೆ ಬಾರದು. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಹೋಗದಿದ್ದರೆ ಕೂಲಿಯಿಲ್ಲ, ಇನ್ನೇನು ಮಾಡಿಯಾರು? 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಇಂಥ ದುಡಿಯುವ ತಾಯಂದಿರ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಮಾತಾಡಿದವರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಒಬ್ಬರು. 1929ರಲ್ಲಿ ಅದು ಕಾಯ್ದೆಯಾಯಿತು. ಇಡೀ ದೇಶಕ್ಕೆ ಅಂಥ ಕಾಯ್ದೆ 1961ರಲ್ಲಿ ಬಂತು, 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ. ಖಾಸಗಿಯವರದು ಕಂಪನಿಯ ಮರ್ಜಿ.

ಅಫೀಮು ಹೋಯಿತು, ಗ್ರೈಪ್ ವಾಟರ್ ಉಳಿಯಿತು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅದು ಹುಟ್ಟಿದಾಗ ಅದರಲ್ಲಿ ಮದ್ಯವೂ ಇತ್ತು. ಮಗು ಮಲಗದೆ ಏನು ಮಾಡೀತು! ಈಗಿನದರಲ್ಲಿ ಮದ್ಯವಿಲ್ಲ, ಹೇಳಿಕೊಳ್ಳುವಂಥ ಪ್ರಯೋಜನವೂ ಇಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ವರ್ಷದೊಳಗೆ ಜೇನು ನೆಕ್ಕಿಸಲೇಬೇಡಿ. ಅದರಲ್ಲಿ ಬಾಟುಲಿಸಮ್ ತರುವ ರೋಗಾಣುವಿನ ಬೀಜ ಇರಬಹುದು. ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಹೊಟ್ಟೆ ತುಂಬಿದರೆ ಮಲಗುತ್ತದೆಂದು ನಾಲ್ಕನೇ ತಿಂಗಳಿಗೇ ಬಾಟಲಿಗೆ ರಾಗಿ ಸರಿ ಹಾಕುವ ಅಜ್ಜಿಯರಿದ್ದಾರೆ. ರಾಗಿ ಸರಿಯ ಮೇಲೆ ನನಗೆ ಅಪಾರ ಗೌರವ. ಅದಕ್ಕೊಂದು ಕಾಲವಿದೆ, ಆರು ತಿಂಗಳು ತುಂಬಲಿ, ಬಾಟಲಿಯಲ್ಲಲ್ಲ, ಚಮಚದಲ್ಲಿ ತಿನ್ನಿಸೋಣ.

ಈಗ ಬದಲಿ ಆಳಿನ ಮಾತಿಗೆ ಬರುತ್ತೇನೆ. ತಾಯಿಗೆ ಬೇಕಾಗಿರುವುದು ಒಂದೇ ಸಮ ನಾಲ್ಕೈದು ಗಂಟೆಯ ನಿದ್ದೆ. ಮುಕ್ಕಾಲು ಗಂಟೆಯ ಜೋಂಪುಗಳನ್ನು ಎಷ್ಟು ಕೂಡಿಸಿದರೂ ಅದು ಬರುವುದಿಲ್ಲ. ಹಾಲೂಡುವುದು ಚೆನ್ನಾಗಿ ಕುದುರಿದ ಮೇಲೆ, ಅಂದರೆ ತಿಂಗಳು ಕಳೆದ ಮೇಲೆ, ರಾತ್ರಿ ಒಂಬತ್ತಕ್ಕೆ ಆಕೆ ಹಾಲು ಕೊಟ್ಟು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಲಿ. ಹನ್ನೊಂದು ಹನ್ನೆರಡಕ್ಕೆ ಮಗು ಎದ್ದಾಗ ಅಪ್ಪ ಏಳಲಿ. ಹಿಂಡಿಟ್ಟ ಹಾಲು ಫ್ರಿಜ್ಜಿನ ಒಳಗಡೆ, ಬಾಗಿಲಿನಲ್ಲಲ್ಲ, ಇಟ್ಟರೆ 4 ದಿನ ಕೆಡುವುದಿಲ್ಲ. ಒಲೆಯ ಮೇಲೆ ಕಾಯಿಸದೆ ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ ಕುಡಿಸಬಹುದು. ಮಗುವಿನ ತಲೆ ಎತ್ತರಿಸಿ, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ, ಗುಟುಕು ನುಂಗುವುದನ್ನು ಕಾದು ಮುಂದಿನ ಗುಟುಕು. ಲೋಕಲ್ ಗಾಡಿಯ ಬಾಗಿಲಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದರಲ್ಲಿ ಫೋನ್ ಒತ್ತುವ ಗಂಡಸರಿಗೆ ಇದು ಕಷ್ಟವಲ್ಲ. ‘ನಂಗೆ ಬೆಳಗ್ಗೆ 7.12ರ ಫಾಸ್ಟ್ ಹಿಡೀಬೇಕು’ ಅನ್ನುವವರಿಗೆ ಒಂದು ಮಾತು: ಆಕೆಗೆ ಬೆಳಗ್ಗೆ ರಜೆಯೇನೂ ಇಲ್ಲ. ಒಳಲೆ ಬೇಡವೆನಿಸಿದರೆ ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿ ತೇಗು ಬರಿಸಿ, ಕೊಳೆಯಾದ ಬಟ್ಟೆ ಬದಲಿಸಿ, ಮಲಗಿಸುವುದಾದರೂ ನಿಮ್ಮದಾಗಲಿ. ಜೀರೋ ಬಲ್ಬ್ ಸಾಕು. ಮಾತು ಬೇಡ, ಮೊಬೈಲಿನ ಬೆಳಕು ಬೇಡ.

ಮಲಗಿಸುವುದು ಅಂಗಾತ. ಇದರಲ್ಲಿ ಚೌಕಾಶಿ ಇಲ್ಲ. ಅಮೆರಿಕದಲ್ಲಿ 1994ರಲ್ಲಿ ಈ ಒಂದು ಸಂಗತಿಯನ್ನೇ ಮನೆಮನೆಗೆ ಮುಟ್ಟಿಸಿದ ಮೇಲೆ, ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಪ್ರಮಾಣ ಹತ್ತು ವರ್ಷದೊಳಗೆ ಸರಿಸುಮಾರು ಅರ್ಧಕ್ಕಿಳಿಯಿತು. ಗಟ್ಟಿಯಾದ ಸಮತಟ್ಟು ಹಾಸಿಗೆ ಇರಲಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ದಪ್ಪ ರಗ್ಗು, ಗೊಂಬೆ ಯಾವುದೂ ಹತ್ತಿರ ಬೇಡ. ಸೀರೆಯ ಜೋಲಿ ಹಗಲು ಕಣ್ಣೆದುರು ತೂಗಲು ಅಡ್ಡಿಯಿಲ್ಲ, ರಾತ್ರಿಯಿಡೀ ಅದರಲ್ಲಿ ಬಿಡಬೇಡಿ. ಎಲ್ಲಕ್ಕಿಂತ ಅಪಾಯ ಸೋಫಾ. ಹಾಲು ಕೊಡುತ್ತ ಅದರಲ್ಲೇ ಕಣ್ಣು ಹತ್ತಿದರೆ ಮಗು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜ್ವರದ ವಿಷಯದಲ್ಲೂ ಚೌಕಾಶಿ ಇಲ್ಲ: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಇನ್ನು ತಾಯಿಯ ಮನಸ್ಸು. ಮಗು ಮಲಗಿದೆ, ಮನೆ ನಿಶ್ಶಬ್ದವಾಗಿದೆ, ಆದರೂ ಆಕೆಗೆ ನಿದ್ದೆ ಬರುತ್ತಿಲ್ಲ. ಸುಮ್ಮನೆ ಅಳು ಬರುತ್ತದೆ, ಮಗುವನ್ನು ಮುಟ್ಟಲು ಮನಸ್ಸಾಗುವುದಿಲ್ಲ. ಎರಡು ವಾರ ಹೀಗೇ ನಡೆದರೆ ಅದು ಸೋಮಾರಿತನವಲ್ಲ, ಸೊಕ್ಕೂ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ತನ್ನನ್ನೋ ಮಗುವನ್ನೋ ಏನಾದರೂ ಮಾಡಿಬಿಡುತ್ತೇನೆ ಎನ್ನಿಸಿದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಅದರ ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಇದೆಲ್ಲ ನಮ್ಮ ಮನೆಯಲ್ಲಿ ಆಗುವುದಿಲ್ಲ ಅನ್ನಬೇಡಿ. ನನ್ನ ಕ್ಲಿನಿಕ್ಕಿನಲ್ಲಿ ನಾನು ನೋಡುವುದು ನಮ್ಮ ಮನೆಗಳನ್ನೇ.

ಕೊನೆಯದಾಗಿ ಸಂಘಕ್ಕೊಂದು ಕೆಲಸ. ನಮ್ಮಲ್ಲಿ ನಿವೃತ್ತರಾದ ಶಿಕ್ಷಕಿಯರಿದ್ದಾರೆ, ಮಕ್ಕಳೆಲ್ಲ ವಿದೇಶಕ್ಕೆ ಹೋಗಿ ಮನೆ ಖಾಲಿಯಾದ ಅಕ್ಕಂದಿರಿದ್ದಾರೆ, ಮೊಮ್ಮಕ್ಕಳನ್ನು ವಿಡಿಯೋ ಕಾಲಿನಲ್ಲಷ್ಟೇ ಕಾಣುವ ಅಜ್ಜ ಅಜ್ಜಿಯರಿದ್ದಾರೆ. ಬಾಣಂತಿ ಇರುವ ಮನೆಗೆ ಮಧ್ಯಾಹ್ನ ಎರಡು ಗಂಟೆಯ ಮಟ್ಟಿಗೆ ಹೋಗಿ ಮಗುವನ್ನು ನೋಡಿಕೊಂಡು ತಾಯಿಯನ್ನು ಮಲಗಲು ಕಳಿಸಿದರೆ ಸಾಕು. ಉಪದೇಶ ಬೇಡ, ಅಡುಗೆ ಮನೆಯ ಪರಿಶೀಲನೆಯೂ ಬೇಡ. ಸಮಿತಿಯವರು ಒಪ್ಪಿ, ಹೊರಗಿನ ಮೇಜಿನ ಮೇಲೆ ಊಟದ ಕೂಪನ್ನಿನ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಹೆಸರು, ಫೋನ್ ನಂಬರು, ಹತ್ತಿರದ ಸ್ಟೇಷನ್ ಬರೆಯಿರಿ. ಮನೆ ಸ್ಟೇಷನ್ನಿನ ಈಸ್ಟೋ ವೆಸ್ಟೋ ಅದನ್ನೂ ಬರೆಯಿರಿ. ಕೂಸು ಅಳುವ ಹೊತ್ತಿನಲ್ಲಿ ಬ್ರಿಜ್ ಹತ್ತಿ ಇಳಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ.