ಬೈಸಿಕಲ್ಲಿನ ಮೇಲೆ ಮಿತ್ರಮಂಡಲಿ

ಕೋಶ ಓದಬೇಕು, ಇಲ್ಲವೆ ದೇಶ ನೋಡಬೇಕು ಎಂದು ನಮ್ಮ ಹಿರಿಯರು ಹೇಳಿದರು. ಯಾರ ಜೊತೆಯಲ್ಲಿ ನೋಡಬೇಕೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ರೈಲಿನಲ್ಲಿ ಹೋಗುವವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಬಲ್ಲಿದನನ್ನೂ ಬಡಕಲನನ್ನೂ ರೈಲು ಒಂದೇ ವೇಗದಲ್ಲಿ ಒಯ್ಯುತ್ತದೆ. ಬೈಸಿಕಲ್ ಏರಿ ಹೊರಟ ನಾಲ್ವರಿಗಾದರೋ ನಾಲ್ಕು ವೇಗಗಳು. ಆ ನಾಲ್ಕನ್ನೂ ಒಂದುಗೂಡಿಸಿಕೊಂಡು ದೂರದ ದಾರಿಯನ್ನು ಸವೆಸುವುದು ಹೇಗೆಂಬುದೇ ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವ ವಿಷಯ.

ಈ ಬಗೆಯ ಯಾತ್ರೆಗಳಲ್ಲಿ ನಮ್ಮ ದೇಶದವರು ಕೈಗೊಂಡ ಒಂದು ಮಹಾಸಾಹಸವನ್ನು ಮೊದಲು ನೆನೆಯೋಣ. ೧೯೨೩ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಆರು ಮಂದಿ ಪಾರ್ಸಿ ತರುಣರು ಮುಂಬಯಿಯಿಂದ ಬೈಸಿಕಲ್ಲುಗಳ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ಪರ್ಷಿಯಾ, ಯೂರೋಪು, ಅಮೆರಿಕ, ಜಪಾನು, ಚೀನಾಗಳನ್ನು ಹಾದು, ಸುಮಾರು ೪೪,೦೦೦ ಮೈಲಿಗಳನ್ನು ಮುಗಿಸಿ ಅವರು ಮರಳಿದುದು ೧೯೨೮ರ ಮಾರ್ಚಿಯಲ್ಲಿ. ಆದರೆ ಮರಳಿದವರು ಆರು ಮಂದಿಯಲ್ಲ. ಒಬ್ಬರು ಟೆಹರಾನಿನಿಂದಲೇ ಮನೆಗೆ ಹಿಂದಿರುಗಿದರು. ಒಬ್ಬರು ಅಮೆರಿಕದಲ್ಲಿಯೇ ನಿಂತರು. ಇನ್ನೊಬ್ಬರೂ ನಡುವೆಯೇ ಯಾತ್ರೆಯನ್ನು ಬಿಟ್ಟರು. ಕೊನೆಮುಟ್ಟಿದವರು ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಎಂಬ ಮೂವರು. ನಡುವೆ ಬಿಟ್ಟವರನ್ನು ಹಳಿಯುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಆರು ಮಂದಿ ಕೂಡಿ ಹೊರಡುವುದು ಸುಲಭ, ಆರು ಮಂದಿ ಕೂಡಿ ತಲುಪುವುದು ಕಷ್ಟ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಈ ಕಷ್ಟವನ್ನು ಯೂರೋಪಿನವರೂ ಕಂಡಿದ್ದರು. ೧೮೯೭ರಲ್ಲಿ ಇಟಲಿಯ ಕೆಲವರು ಹಗಲು ಮುಗಿಯುವುದರೊಳಗೆ ೨೦೦ ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸಿ, ತಮ್ಮನ್ನು 'ಆಡಾಕ್ಸ್', ಎಂದರೆ ಸಾಹಸಿಗಳು, ಎಂದು ಕರೆದುಕೊಂಡರು. ೧೯೦೪ರಲ್ಲಿ ಇದನ್ನು ಫ್ರಾನ್ಸಿನಲ್ಲಿ ನೆಲೆಗೊಳಿಸಿದವರು ಆಂರಿ ದೆಗ್ರಾಂಜ್. ಅದಕ್ಕೆ ಹಿಂದಿನ ವರ್ಷ ಪ್ರಸಿದ್ಧವಾದ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯವನ್ನು ಪ್ರಾರಂಭಿಸಿದವರೂ ಅವರೇ. ಅವರ ಆಡಾಕ್ಸ್ ಸವಾರಿಯಲ್ಲಿ ಗುಂಪಿಗೊಬ್ಬ ನಾಯಕ. ಅವನು ಗೊತ್ತುಮಾಡಿದ ಸಮವೇಗದಲ್ಲಿ ಎಲ್ಲರೂ ಕೂಡಿಯೇ ಹೋಗಬೇಕು, ಅವನನ್ನು ದಾಟುವಂತಿಲ್ಲ. ೧೯೨೧ರಲ್ಲಿ ಪಂಗಡವೊಡೆದು ಎರಡನೆಯ ಪದ್ಧತಿ ಹುಟ್ಟಿತು: ಕಾಲದ ಮಿತಿಯೊಳಗೆ ಅವರವರು ಅವರವರ ವೇಗದಲ್ಲಿ ಹೋಗಲಿ ಎಂದು. ಇಂದು ಬೆಂಗಳೂರಿನ ಸವಾರರು ಹದಿಮೂರೂವರೆ ಗಂಟೆಗಳಲ್ಲಿ ೨೦೦ ಕಿಲೋಮೀಟರು ಮುಗಿಸಲು ಹೊರಡುವುದು ಈ ಎರಡನೆಯ ಪದ್ಧತಿಯಂತೆ. ಎರಡರಲ್ಲಿಯೂ ಗುಣಗಳಿವೆ. ನಾವು ಕೆಟ್ಟುದು ಬಾಯಲ್ಲಿ ಮೊದಲನೆಯದನ್ನು ಹೇಳುತ್ತ ಕಾಲಲ್ಲಿ ಎರಡನೆಯದನ್ನು ನಡೆಸಿದುದರಿಂದ.

ಕೆಲವು ವರ್ಷಗಳ ಕೆಳಗೆ ಡಿಸೆಂಬರಿನಲ್ಲಿ ನಾವು ನಾಲ್ವರು ಮಿತ್ರರು ಮೈಸೂರಿನಿಂದ ಮಂಗಳೂರಿಗೆ ಹೊರಟೆವು. ನಮ್ಮಲ್ಲಿ ಒಬ್ಬರು ವಕೀಲರು, ಒಬ್ಬರು ಬ್ಯಾಂಕಿನವರು, ಉಳಿದಿಬ್ಬರು ಕಾಲೇಜಿನ ಅಧ್ಯಾಪಕರು. ಆ ಅಧ್ಯಾಪಕರಲ್ಲಿ ಗಣಿತವನ್ನು ಹೇಳುವವರು ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯರು, ಸವಾರಿಯಲ್ಲಿ ಎಲ್ಲರಿಗೂ ನಿಧಾನಿಗಳು. ದಾರಿ ಸುಮಾರು ೨೫೫ ಕಿಲೋಮೀಟರು. ಅದಕ್ಕೆ ನಾಲ್ಕು ದಿನಗಳನ್ನು ಗೊತ್ತುಮಾಡಿಕೊಂಡಿದ್ದೆವು. ಕ್ಯಾರಿಯರಿನ ಮೇಲೆ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಅವಲಕ್ಕಿ, ಬೆಲ್ಲ, ಹುರಿದ ಕಡಲೆಕಾಯಿ. ಪಂಪು, ಮಿಗಿಲು ಟ್ಯೂಬುಗಳು, ಪಂಕ್ಚರಿನ ಸಾಮಾನು ಎಲ್ಲವೂ ಇದ್ದುವು. ಬ್ರೇಕಿನ ರಬ್ಬರು ಮಾತ್ರ ಯಾರ ನೆನಪಿಗೂ ಬರಲಿಲ್ಲ.

ಮೊದಲನೆಯ ದಿನ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಕುಶಾಲನಗರಕ್ಕೆ ಎಂಬತ್ತೇಳು ಕಿಲೋಮೀಟರು. ಹೊಗೆಸೊಪ್ಪಿನ ಸೀಮೆಯನ್ನು ಬೆಳಗಿನ ತಂಪಿನಲ್ಲಿಯೇ ದಾಟಿ, ೧೯೬೦ರ ದಶಕದಿಂದ ಟಿಬೆಟ್ಟಿನವರು ನೆಲಸಿರುವ ಬೈಲಕುಪ್ಪೆಯ ಬಳಿ ಹಾದು, ಕಾವೇರಿಯ ಸೇತುವೆಯ ಮೇಲೆ ಕೊಡಗನ್ನು ಹೊಕ್ಕೆವು. ಎದುರುಗಾಳಿಯಲ್ಲಿ ಒಬ್ಬನ ಬೆನ್ನಿಗೆ ಒಬ್ಬನು ಹತ್ತಿ ಸಾಗಿದರೆ ಹಿಂದಿನವನ ಶ್ರಮ ಎಷ್ಟೋ ಉಳಿಯುತ್ತದೆ. ವೇಗ ಹೆಚ್ಚಿದಷ್ಟೂ ಈ ಉಳಿತಾಯ ಹೆಚ್ಚು. ಆ ದಿನ ನಾವು ಸರದಿಯ ಮೇಲೆ ಮುಂದಾಳಾದೆವು. ಆದುದರಿಂದ ಗಣಿತದವರೂ ನಮ್ಮೊಡನೆಯೇ ಬಂದರು.

ಎರಡನೆಯ ದಿನ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಮೂವತ್ತು ಕಿಲೋಮೀಟರಿನ ಏರುದಾರಿ. ಏರಿನಲ್ಲಿ ಗಾಳಿಯ ತಡೆ ಕಡಮೆ, ಮೈಭಾರವೇ ಮುಖ್ಯ. ಅಲ್ಲಿ ಮುಂದಿನವನ ಬೆನ್ನು ಹಿಂದಿನವನಿಗೆ ಆಸರೆಯಾಗಲಾರದು. ಅವರವರ ಭಾರ ಅವರವರಿಗೆ. ಗಣಿತದವರಿಗಾಗಿ ನಾವು ಮೂರು ಸಲ ನಿಂತೆವು. ಅವರು ಬಂದು ಸೇರಿದೊಡನೆಯೇ ನಮ್ಮ ವಿಶ್ರಾಂತಿ ಮುಗಿದಿರುತ್ತಿತ್ತು, ಏಳುತ್ತಿದ್ದೆವು. ಹೀಗಾಗಿ ವಿಶ್ರಾಂತಿ ಯಾರಿಗೆ ಬೇಕಾಗಿತ್ತೋ ಅವರಿಗೇ ದೊರೆಯಲಿಲ್ಲ. ರಾತ್ರಿ ಮಡಿಕೇರಿಯಲ್ಲಿ ಊಟಕ್ಕೆ ಕುಳಿತಾಗ, "ಗಣಿತದವರಿಗೆ ಕಾಲವೆಂಬುದು ಅನಂತ" ಎಂದು ಹಾಸ್ಯಮಾಡಿದೆವು. ಈ ಮಾತನ್ನಾಡಿದ ನಾಲಗೆ ಇದೇ ನಾಲಗೆ. ಎಲ್ಲರೂ ನಕ್ಕರು, ಅವರೂ ನಕ್ಕರು.

ಮೂರನೆಯ ದಿನ ಸಂಪಾಜೆಯ ಘಾಟಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು ೧,೧೫೦ ಮೀಟರು ಎತ್ತರ. ಸುಳ್ಯವನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಸಾವಿರ ಮೀಟರಿನಷ್ಟು ಇಳಿದಿರುತ್ತೇವೆ. ಇಳಿಜಾರು ಬೈಸಿಕಲ್ಲಿನವನಿಗೆ ವಿರಾಮವೆಂದು ಜನ ತಿಳಿಯುತ್ತಾರೆ. ಸವಾರ, ಗಾಡಿ, ಗಂಟು ಮೂರೂ ಕೂಡಿ ತೊಂಬತ್ತು ಕಿಲೋ ತೂಗಿದರೆ, ಸಾವಿರ ಮೀಟರಿನ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲೀಟರು ತಣ್ಣೀರನ್ನು ಕುದಿಸಲು ಸಾಕು. ಅದರಲ್ಲಿ ಗಾಳಿ ಒಂದು ಪಾಲನ್ನು ಕೊಂಡೊಯ್ದರೆ, ಮಿಕ್ಕುದನ್ನು ಹೆಬ್ಬೆರಳಿನಷ್ಟು ರಬ್ಬರಿನ ತುಂಡುಗಳು ತಡೆಯಬೇಕು. ಬ್ರೇಕನ್ನು ಸದಾ ಹಿಡಿದೇ ಇರದೆ, ತಿರುವಿಗೆ ಮುಂಚೆ ಬಲವಾಗಿ ಒತ್ತಿ ಆಮೇಲೆ ಬಿಡಬೇಕೆಂದು ಬಲ್ಲವರು ಹೇಳುವುದು ಅವು ಕಾಯದಿರಲೆಂದೇ.

ಇದೆಲ್ಲವನ್ನೂ ಬಲ್ಲವರಾಗಿಯೂ ನಾವು ಮೂವರು ಆ ತಿರುವುಗಳಲ್ಲಿ ಹುಡುಗರಂತೆ ಇಳಿದೆವು. ಸಂಪಾಜೆಯಲ್ಲಿ ಚಹಾ ಕುಡಿದು ಮುಗಿಸಿದರೂ ಗಣಿತದವರು ಕಾಣಲಿಲ್ಲ. ಅರ್ಧ ಗಂಟೆಯಾಯಿತು. ಘಾಟಿಯೊಳಕ್ಕೆ ಫೋನಿನ ಕರೆ ಹೋಗಲಿಲ್ಲ. ಮೇಲಿನಿಂದ ಬಂದ ಲಾರಿಯವನೊಬ್ಬನು, "ಯಾರೋ ಒಬ್ಬರು ಸೈಕಲ್ ತಳ್ಳಿಕೊಂಡು ಬರುತ್ತಿದ್ದಾರೆ ಸ್ವಾಮಿ, ಕಾಲಲ್ಲಿ ರಕ್ತ" ಎಂದನು. ಮೂವರೂ ಮಾತಾಡದೆ ಬೈಸಿಕಲ್ಲುಗಳನ್ನು ತಿರುಗಿಸಿ, ಇಳಿದು ಬಂದ ದಾರಿಯನ್ನೇ ಏರತೊಡಗಿದೆವು. ನಿಮಿಷಗಳಲ್ಲಿ ಇಳಿದಿದ್ದ ದಾರಿ ಗಂಟೆಗೂ ಮೀರಿ ಹಿಡಿಯಿತು.

ಏಳೆಂಟು ಕಿಲೋಮೀಟರು ಮೇಲೆ ಒಂದು ತಿರುವಿನಲ್ಲಿ ಅವರು ಸಿಕ್ಕರು. ಮೊಣಕಾಲು ತರಚಿತ್ತು, ಅಂಗೈ ಸುಲಿದಿತ್ತು. ದೇವರ ದಯೆಯಿಂದ ಮೂಳೆಗೆ ಪೆಟ್ಟಿರಲಿಲ್ಲ. ಬ್ರೇಕಿನ ರಬ್ಬರು ಸವೆದು ಲೋಹ ಕಾಣುತ್ತಿತ್ತು. ಗಾಡಿ ನಿಲ್ಲದೆಂದು ತಿಳಿದೊಡನೆ ಅವರು ಕಣಿವೆಯ ಕಡೆಗೆ ಬಿಡದೆ, ಗುಡ್ಡದ ಬದಿಯ ಮಣ್ಣಿಗೆ ತಿರುಗಿಸಿ ಬಿದ್ದಿದ್ದರು.

"ರಬ್ಬರು ಸವೆದಿರುವುದು ಯಾವಾಗ ಗೊತ್ತಾಯಿತು?" ಎಂದು ವಕೀಲರು ಕೇಳಿದರು.

"ಕುಶಾಲನಗರದಲ್ಲಿಯೇ."

"ಮತ್ತೆ ಹೇಳಬಾರದಾಗಿತ್ತೆ, ರಾಯರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗಾಗಿ ಮೂರು ಸಲ ನಿಂತಿರಿ. ನಾಲ್ಕನೆಯ ಸಲ ನಿಲ್ಲಿಸುವುದಕ್ಕೆ ಬಾಯಿ ಬರಲಿಲ್ಲ" ಎಂದರು.

ಶ್ರೋತೃಗಳೆ, ಆ ದಿನ ಬಿದ್ದವರು ಅವರು. ಬೀಳಿಸಿದುದು ರಬ್ಬರಿನ ತುಂಡಲ್ಲ. ಮಡಿಕೇರಿಯ ಊಟದ ಮನೆಯಲ್ಲಿ ನಾವು ಆಡಿದ ಹಾಸ್ಯ ಅವರ ಬಾಯನ್ನು ಕಟ್ಟಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನಮಗೆ ಸಲ್ಲುತ್ತಿತ್ತು. ಅದರ ಪೆಟ್ಟು ಮಾತ್ರ ಆತುರಪಡದವರಿಗೆ ಬಿತ್ತು. ಗುಂಪಿನಲ್ಲಿ ಹಿಂದುಳಿಯುವವನಿಗೆ ದಣಿವಿಗಿಂತ ನಾಚಿಕೆಯೇ ದೊಡ್ಡ ಹೊರೆ. ತನ್ನಿಂದ ಇತರರಿಗೆ ತಡವಾಗುತ್ತಿದೆಯೆಂದು ಬಗೆದವನು ಮೊಣಕಾಲಿನ ನೋವನ್ನು ಮುಚ್ಚಿಡುತ್ತಾನೆ, ಬಾಯಾರಿಕೆಯನ್ನು ಮುಚ್ಚಿಡುತ್ತಾನೆ, ಕೆಟ್ಟ ಬ್ರೇಕನ್ನೂ ಮುಚ್ಚಿಡುತ್ತಾನೆ.

ಉಳಿದ ಘಾಟಿಯನ್ನು ನಾಲ್ವರೂ ನಡೆದೇ ಇಳಿದೆವು. ಆಗಲೇ ನಾವು ಘಾಟಿಯನ್ನು ನೋಡಿದುದು ಎಂದರೂ ಸಲ್ಲುತ್ತದೆ. ೨೦೧೮ರ ಆಗಸ್ಟಿನ ಮಳೆಯಲ್ಲಿ ಜೋಡುಪಾಲದ ಸುತ್ತ ಗುಡ್ಡ ಜರಿದು ಮನೆಗಳೂ ರಸ್ತೆಯೂ ಕೊಚ್ಚಿಹೋದ ಕಡೆಗಳಲ್ಲಿ ಹಸುರು ಮತ್ತೆ ಏರುತ್ತಿತ್ತು. ಪಯಸ್ವಿನಿಯ ಕಡೆಗೆ ಹರಿಯುವ ತೊರೆಗಳ ಸದ್ದು ಪಕ್ಕದಲ್ಲಿಯೇ ಇತ್ತು. ಬೆಳಿಗ್ಗೆ ಕಿವಿಯಲ್ಲಿ ಗಾಳಿ ತುಂಬಿದ್ದಾಗ ಅದು ನಮಗೆ ಕೇಳಿಸಿರಲಿಲ್ಲ. ಪುತ್ತೂರಿನಲ್ಲಿ ತಂಗುವ ಯೋಚನೆಯನ್ನು ಬಿಟ್ಟೆವು. ಕೆಳಗಿನ ಸಮದಾರಿಯಲ್ಲಿ ಮೆಲ್ಲಗೆ ಸಾಗಿ ಸುಳ್ಯದಲ್ಲಿ ನಿಂತು, ಗಾಯಕ್ಕೆ ಔಷಧವನ್ನೂ ಗಾಡಿಗೆ ಹೊಸ ರಬ್ಬರುಗಳನ್ನೂ ಹಾಕಿಸಿದೆವು.

ಅಂದಿನ ರಾತ್ರಿ ಮಾಡಿಕೊಂಡ ಕಟ್ಟಳೆಗಳನ್ನು ನಾವು ಈಗಲೂ ಬಿಟ್ಟಿಲ್ಲ. ಮೊದಲನೆಯದು, ನಿಧಾನಿಯೇ ಮುಂದೆ ಹೋಗತಕ್ಕದ್ದು, ಎದುರುಗಾಳಿ ಬೀಸುವಾಗ ಹೊರತು. ಆಗ ಗಟ್ಟಿಗನು ಮುಂದೆ, ನಿಧಾನಿ ಅವನ ಬೆನ್ನಿಗೆ. ಎರಡನೆಯದು, ಪಂಪೂ ಸಾಮಾನೂ ಕಟ್ಟಕಡೆಯ ಸವಾರನ ಬಳಿ ಇರಬೇಕು, ಆ ಸವಾರನು ಗುಂಪಿನಲ್ಲೆಲ್ಲಾ ಗಟ್ಟಿಗನಾಗಿರಬೇಕು. ಮೂರನೆಯದು, ಯಾರಿಗೂ ದಣಿವಿಲ್ಲದಿದ್ದರೂ ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಬೇಕು. ಆ ಹತ್ತು ನಿಮಿಷದ ಎಣಿಕೆ ಕೊನೆಯವನು ಬಂದು ಕುಳಿತ ಮೇಲೆ ಆರಂಭವಾಗಬೇಕು. ನಾಲ್ಕನೆಯದು, ನಿಂತಾಗಲೆಲ್ಲ ಪ್ರತಿಯೊಬ್ಬನೂ ತನ್ನ ಮೈಯದೋ ಗಾಡಿಯದೋ ಒಂದು ದೂರನ್ನು ಹೇಳಲೇಬೇಕು. ಮೊದಲು ಹೇಳಬೇಕಾದವನು ಎಲ್ಲರಿಗಿಂತ ಬಲಶಾಲಿ. ಅವನೇ "ಸೊಂಟ ಹಿಡಿದಿದೆ" ಎಂದ ಮೇಲೆ ಇತರರಿಗೆ ನಾಚಿಕೆಯೆಲ್ಲಿ?

ನಾಲ್ಕನೆಯ ದಿನ ಗಣಿತದವರು ಮುಂದೆ, ನಾವು ಹಿಂದೆ. ಸುಳ್ಯದಿಂದ ಪುತ್ತೂರು, ಮಾಣಿ, ಬಂಟವಾಳಗಳ ಮೇಲೆ ಮಂಗಳೂರಿಗೆ ಸುಮಾರು ತೊಂಬತ್ತು ಕಿಲೋಮೀಟರು. ಕರಾವಳಿಯ ಸೆಕೆಯಲ್ಲಿ ಸಣ್ಣ ಏರಿಳಿತಗಳು ಮುಗಿಯುವುದೇ ಇಲ್ಲ. ಎಳನೀರಿನ ಅಂಗಡಿಗಳಲ್ಲಿ ನಿಂತು ನಿಂತು ಹೋದೆವು. ಮೊದಲ ದೂರನ್ನು ವಕೀಲರು ಕೊಟ್ಟರು, ವಿಸ್ತಾರವಾಗಿಯೇ ಕೊಟ್ಟರು. ಪಣಂಬೂರಿನ ಕಡಲ ದಂಡೆಯನ್ನು ಮುಟ್ಟಿದಾಗ ಸೂರ್ಯಾಸ್ತವಾಗಿ ಬಹಳ ಹೊತ್ತಾಗಿತ್ತು. ನೋಡಬೇಕೆಂದಿದ್ದ ಸೂರ್ಯಾಸ್ತ ತಪ್ಪಿತು. ಕತ್ತಲೆಯಲ್ಲಿ ನಾಲ್ವರೂ ಕಾಲನ್ನು ನೀರಿನಲ್ಲಿಟ್ಟು ನಿಂತೆವು. ಗಣಿತದವರ ಮೊಣಕಾಲಿಗೆ ಉಪ್ಪುನೀರು ತಗಲಿ ಉರಿಯಿತು. ಅವರು ಅದನ್ನು ಕೂಡಲೇ ಹೇಳಿದರು.