ಬುರುಡೆಯ ಅಚ್ಚು, ತೊಗಟೆಯ ಬಣ್ಣ

ಬೇರೆ ದೇಶದ ಜನರ ಬದುಕನ್ನು ಪರಿಚಯಿಸಲೆಂದು ಶಾಲೆಗಳಲ್ಲಿ ಮಕ್ಕಳ ಕೈಯಿಂದ ಕಾಗದದ ಧ್ವಜ, ಮುಖವಾಡ ಮಾಡಿಸುವುದುಂಟು. ವಾರಕ್ಕೊಂದು ದೇಶ ಮುಗಿದುಹೋಗುತ್ತದೆ. ನನಗೆ ಅದು ಸಾಲದು ಅನ್ನಿಸುತ್ತದೆ. ಒಂದೇ ಕಸುಬನ್ನು ಹಿಡಿದು ನಿಧಾನವಾಗಿ ಮಾಡಿಸಿ ನೋಡಿ. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಅಡಿಂಕ್ರಾ ಬಟ್ಟೆ ಇದಕ್ಕೆ ಬಹಳ ಒದಗುತ್ತದೆ.

ಅದು ಅಸಾಂಟೆ ಜನರ ಕಸುಬು. ಕುಮಾಸಿ ಪಟ್ಟಣದ ಹತ್ತಿರದ ಎನ್‌ಟೋನ್ಸೊ ಊರು ಅದಕ್ಕೆ ಹೆಸರುವಾಸಿ. ಒಣಗಿದ ಸೋರೆಬುರುಡೆಯ ತುಂಡಿನಲ್ಲಿ ಚಿಹ್ನೆ ಕೊರೆದು, ಬೆನ್ನಿಗೆ ಕಡ್ಡಿಗಳನ್ನು ಕಟ್ಟಿ ಹಿಡಿಕೆ ಮಾಡಿದರೆ ಅಚ್ಚು ಸಿದ್ಧ. ನಮ್ಮ ತಂಬೂರಿಗೂ ಬುರುಡೆ ಬೇಕಲ್ಲ, ಮಕ್ಕಳಿಗೆ ಅದನ್ನು ತೋರಿಸಿ. ಬಣ್ಣಕ್ಕೆ ಬಾದೀ ಎಂಬ ಮರದ ತೊಗಟೆಯನ್ನು ನೆನೆಸಿ, ಕುಟ್ಟಿ, ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಮರದ ಬಾಚಣಿಗೆಯಂಥ ಸಾಧನದಿಂದ ಬಟ್ಟೆಯ ಮೇಲೆ ಗೆರೆ ಎಳೆದು ಚೌಕಗಳನ್ನು ಮಾಡಿಕೊಂಡು, ಅವುಗಳೊಳಗೆ ಸಾಲಾಗಿ ಅಚ್ಚೊತ್ತುತ್ತಾರೆ. 1817ರಲ್ಲಿ ಕುಮಾಸಿಗೆ ಹೋಗಿದ್ದ ಥಾಮಸ್ ಎಡ್ವರ್ಡ್ ಬೌಡಿಚ್ ಎಂಬ ಇಂಗ್ಲೆಂಡಿನವರು ಸಂಗ್ರಹಿಸಿದ ಇಂಥದೊಂದು ಬಟ್ಟೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಒಂದೊಂದು ಚಿಹ್ನೆಗೂ ಅರ್ಥವುಂಟು. ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ ಸಾಂಕೋಫಾ: ಮರೆತು ಬಂದದ್ದನ್ನು ಹಿಂದಿರುಗಿ ತರುವುದು ತಪ್ಪಲ್ಲ ಎನ್ನುತ್ತದೆ. ಟಗರಿನ ಕೊಂಬು ಬಲದ ಜೊತೆಗಿನ ವಿನಯಕ್ಕೆ. ಮಕ್ಕಳಿಗೆ ಹಿಡಿಸುವುದು ಎರಡು ಮೊಸಳೆಗಳದ್ದು. ತಲೆ ಎರಡು, ಹೊಟ್ಟೆ ಒಂದೇ, ಆದರೂ ತುತ್ತಿಗಾಗಿ ಜಗಳ! ಯಾಕೆ ಜಗಳವಾಡುತ್ತವೆ ಎಂದು ಕೇಳಿ, ಉತ್ತರವನ್ನು ಅವರೇ ಹೇಳಲಿ.

ಇನ್ನೊಂದು ಸಂಗತಿಯನ್ನು ದಯವಿಟ್ಟು ಮುಚ್ಚಿಡಬೇಡಿ. ಇದು ಹಿಂದೆ ಮುಖ್ಯವಾಗಿ ಸಾವಿನ ಮನೆಗೆ ಹೊದೆದುಕೊಂಡು ಹೋಗುವ ಬಟ್ಟೆ. ಕೆಂಪು, ಕಂದು, ಕಪ್ಪು ಬಟ್ಟೆಯ ಮೇಲೆ ಒತ್ತಿದ್ದು ದುಃಖಕ್ಕೆ. ಬಿಳಿಯದನ್ನು ಸಂತೋಷದ ಸಮಾರಂಭಗಳಿಗೂ ಉಡುತ್ತಾರೆ. ಇದನ್ನು ಬಿಟ್ಟರೆ ಮಕ್ಕಳ ಕೈಯಲ್ಲಿ ಉಳಿಯುವುದು ಬರೀ ಚಿತ್ತಾರ. ಹೇಳಿದರೆ, ನಮ್ಮಲ್ಲಿ ಸಾವಾದಾಗ ಏನು ಉಡುತ್ತೇವೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಹತ್ತು ವರ್ಷದ ಮಗು ಅದನ್ನು ತಿಳಿದುಕೊಳ್ಳಬಲ್ಲದು.

ಮನೆಯಲ್ಲಿ ಮಾಡುವುದಾದರೆ ಅಚ್ಚಿಗೆ ಆಲೂಗಡ್ಡೆ ಸಾಕು. ಅರ್ಧಕ್ಕೆ ಕೊಯ್ದು ಚಿಹ್ನೆ ಬರೆದುಕೊಂಡು ಸುತ್ತಲಿನದನ್ನು ಕೆತ್ತಿ ತೆಗೆಯಬೇಕು. ಚಾಕು ಹಿರಿಯರ ಕೈಯಲ್ಲಿರಲಿ. ಬಣ್ಣಕ್ಕೆ ಮಲೆನಾಡಿನವರು ಅಡಿಕೆ ಬೇಯಿಸಿದ ಚೊಗರನ್ನೇ ಕುದಿಸಿ ಗಟ್ಟಿ ಮಾಡಿಕೊಳ್ಳಬಹುದು. ಅದರ ಕಲೆ ಸುಲಭವಾಗಿ ಹೋಗುವುದಿಲ್ಲ, ಆದ್ದರಿಂದ ಕೆಳಗೆ ಹಳೆಯ ಪತ್ರಿಕೆ ಹಾಸಿ, ಮೊದಲು ಹಳೆ ಪಂಚೆಯ ತುಂಡಿನ ಮೇಲೆ ಒತ್ತಿಸಿ.